ಲಿಮಾದ ತಳ್ಳುಗಾಡಿಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಹೇಗೆ?

ಪೆರುವಿನ ರಾಜಧಾನಿ ಲಿಮಾಕ್ಕೆ ಹೋಗುವವರು ದೊಡ್ಡ ದೊಡ್ಡ ಹೋಟೆಲುಗಳ ಹೆಸರು ಬರೆದುಕೊಂಡು ಹೋಗುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಒಂದು ದಿನವನ್ನಾದರೂ ಬೀದಿಗೆ ಬಿಡಿ. ಅಲ್ಲಿ ಒಂದೊಂದು ತಿಂಡಿಗೂ ಅದರದೇ ಹೊತ್ತಿದೆ. ಹಾಗಾಗಿ ಗಡಿಯಾರ ನೋಡಿಕೊಂಡು ಹಸಿಯಬೇಕು.

ಹೊರಡುವ ಮೊದಲು ಜೇಬಿಗೆ ಚಿಲ್ಲರೆ ಹಾಕಿಕೊಳ್ಳಿ. ಅಲ್ಲಿನ ದುಡ್ಡು ಸೋಲ್. ಗಾಡಿಯ ಮೇಲೆ ನೇರಳೆ ಬಣ್ಣದ ‘ಯಾಪೆ’ ಕ್ಯೂಆರ್ ಅಂಟಿಸಿರುತ್ತಾರೆ. ನಮ್ಮ ಯುಪಿಐ ತರ ಕಾಣುತ್ತದೆ, ಆದರೆ ಅದನ್ನೇ ನೆಚ್ಚಿಕೊಂಡು ಹೋಗಬೇಡಿ. ದೊಡ್ಡ ನೋಟು ಕೊಟ್ಟರೆ ಗಾಡಿಯವರ ಮುಖ ಹೇಗಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಬೆಳಿಗ್ಗೆ ಎಮೋಲಿಯೆಂತೆಯಿಂದ ಶುರು ಮಾಡಿ. ಹುರಿದ ಬಾರ್ಲಿ, ಅಗಸೆ ಬೀಜ, ಒಂದಷ್ಟು ಗಿಡಮೂಲಿಕೆ ಕುದಿಸಿ ನಿಂಬೆರಸ ಹಿಂಡಿದ ಬಿಸಿ ಪಾನೀಯ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಿಮಾಕ್ಕೆ ಮಂಜು ಕವಿದಿರುತ್ತದೆ, ಆಗಂತೂ ಇದು ಬೇಕೇ ಬೇಕು. ಗಾಡಿಯವರು ನಮ್ಮಲ್ಲಿ ಚಹಾ ಎತ್ತಿ ಹೊಯ್ಯುವ ಹಾಗೆ ಎತ್ತರದಿಂದ ಸುರಿದು ಬೆರೆಸುತ್ತಾರೆ. ಅಗಸೆಯ ಲೋಳೆ ಉದ್ದ ದಾರದಂತೆ ಇಳಿಯುತ್ತದೆ. ಮೊದಲ ಗುಟುಕಿಗೆ ಮುಖ ಸಿಂಡರಿಸಿದರೆ ಗಾಬರಿ ಬೇಡ, ಎಲ್ಲರದೂ ಅದೇ ಕಥೆ. ಲೋಳೆ ಕಡಿಮೆ ಸಾಕು ಅಂದರೆ ‘ಪೋಕಾ ಲಿನಾಸಾ’ ಅನ್ನಿ.

ಲೋಟ ಖಾಲಿಯಾದ ಮೇಲೆ ಸುಮ್ನೆ ವಾಪಸ್ ಕೊಟ್ಟು ಬರಬೇಡಿ. ‘ಕಸೆರಿತಾ, ಯಪಿತಾ?’ ಎಂದು ಕೇಳಿ. ಯಾಪಾ ಅಂದರೆ ನಮ್ಮ ಕೊಸರು. ಸಂತೆಯಲ್ಲಿ ಸೊಪ್ಪು ಕೊಂಡ ಮೇಲೆ ಕೊಸರು ಕೇಳುವುದಿಲ್ಲವೇ, ಹಾಗೆ. ಇದು ಕೆಚುವಾ ಭಾಷೆಯಿಂದ ಬಂದ ಪದ. ಕಸೆರಿತಾ ಅನ್ನುವುದು ಖಾಯಂ ವ್ಯಾಪಾರದವರ ಸಲಿಗೆಯ ಕರೆ. ಕೊಳ್ಳುವವರೂ ಮಾರುವವರನ್ನು ಹಾಗೆ ಕರೆಯುತ್ತಾರೆ, ಮಾರುವವರೂ ಕೊಳ್ಳುವವರನ್ನು ಹಾಗೇ ಕರೆಯುತ್ತಾರೆ. ಇಷ್ಟು ಕೇಳಿದರೆ ಅರ್ಧ ಲೋಟ ಮತ್ತೆ ಬಂತು ಅಂತಲೇ ಲೆಕ್ಕ.

ಮಧ್ಯಾಹ್ನ ಸೆವಿಚೆ. ಹಸಿ ಮೀನನ್ನು ನಿಂಬೆರಸದಲ್ಲಿ ಕಲಸಿ ಕೊಡುತ್ತಾರೆ. ಬೆಂಕಿ ಸೋಕಿಸುವುದಿಲ್ಲ. ಮೀನು ಐಸಿನ ಮೇಲಿದ್ದು, ನಿಮ್ಮೆದುರೇ ಕತ್ತರಿಸುತ್ತಿದ್ದರೆ ತಿನ್ನಿ. ಇಲ್ಲದಿದ್ದರೆ ಮುಂದೆ ನಡೆಯಿರಿ. ಸಂಜೆಗೆ ಬೇಡವೇ ಬೇಡ.

ಕತ್ತಲಾಗುತ್ತಿದ್ದಂತೆ ಹೊಗೆಯ ಜಾಡು ಹಿಡಿಯಿರಿ. ಅದು ಆಂತಿಕುಚೋ. ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ದನದ ಹೃದಯ. ತಿನ್ನದವರಿಗೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ. ಆಹಿ ಪಾಂಕಾ ಎಂಬ ಒಣ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ವಿನೆಗರ್ ಅರೆದು ನೆನೆಸಿಟ್ಟಿರುತ್ತಾರೆ. ಗಾಡಿಯಲ್ಲಿ ಹೆಚ್ಚಾಗಿ ಹೆಂಗಸರೇ ಇರುತ್ತಾರೆ. ಅವರ ಕೈಯಲ್ಲಿರುವ ಬ್ರಷ್ ನೋಡಿ: ಮುಸುಕಿನ ಜೋಳದ ಸಿಪ್ಪೆಯನ್ನು ಸೀಳಿ ಕಟ್ಟಿದ್ದು. ಅದನ್ನು ಮಸಾಲೆಯಲ್ಲಿ ಅದ್ದಿ ಸವರಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಮಾಂಸದ ಅಂಚು ಕರಿಯಾಗುತ್ತದೆ. ಆ ಕರಿ ಅಂಚೇ ರುಚಿ. ಜೊತೆಗೆ ಬೇಯಿಸಿದ ಆಲೂಗಡ್ಡೆ, ಬೆರಳ ತುದಿಯಷ್ಟು ದಪ್ಪ ಕಾಳಿನ ಜೋಳ. ಅಕ್ಟೋಬರ್ ಮೂರನೇ ಭಾನುವಾರ ಇದಕ್ಕೇ ಮೀಸಲು, ಆಂತಿಕುಚೋ ದಿನ.

ಪಕ್ಕದಲ್ಲಿ ಚಟ್ನಿ ಬಟ್ಟಲುಗಳಿರುತ್ತವೆ. ಖಾರ ನಮಗೆ ಹೊಸದಾ ಅಂತ ನಾನು ಚಮಚ ತುಂಬ ಸುರಿದುಕೊಂಡೆ. ಅದು ರೊಕೋತೋ. ನೋಡಲು ಪುಟ್ಟ ದೊಣ್ಣೆಮೆಣಸಿನಕಾಯಿ, ಒಳಗೆ ಕಪ್ಪು ಬೀಜ. ಐದು ನಿಮಿಷ ಮಾತೇ ಹೊರಡಲಿಲ್ಲ. ನಮಗೆ ಮೆಣಸಿನಕಾಯಿ ಬಂದಿದ್ದೇ ಆ ಖಂಡದಿಂದ ಅನ್ನುವುದು ಆಮೇಲೆ ನೆನಪಾಯಿತು. ಮೊದಲು ಒಂದು ಹನಿ ಹಾಕಿ ನೋಡಿ.

ಸಸ್ಯಾಹಾರಿಗಳು ಜೋಳದ ತೆನೆಯ ಜೊತೆ ಚೀಸ್ ಕೊಡುವ ‘ಚೋಕ್ಲೋ ಕೋನ್ ಕೇಸೋ’ ಕೇಳಬಹುದು. ಬೇರೆ ಕಡೆ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಅಂತ ಹೇಳಿದರೆ ಸಾಲದು, ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಹಿಡಿಯದವರೂ ಇದ್ದಾರೆ. ‘ಸಿನ್ ಪೋಯೋ’ ಅಂತಲೂ ಸೇರಿಸಿ.

ಕೊನೆಗೆ ಪಿಕರೋನೆಸ್. ಲಿಮಾದ ಮಿರಾಫ್ಲೋರೆಸ್ ಬಡಾವಣೆಯ ಕೆನಡಿ ಪಾರ್ಕಿನಲ್ಲಿ ಸಿಗುತ್ತದೆ, ಬೆಕ್ಕುಗಳಿಗೂ ಆ ಪಾರ್ಕ್ ಹೆಸರುವಾಸಿ. ಕುಂಬಳಕಾಯಿ, ಗೆಣಸು ಬೇಯಿಸಿ, ಮೈದಾ ಸೇರಿಸಿ ಹುದುಗು ಬರಿಸಿದ ಹಿಟ್ಟು. ಒದ್ದೆ ಕೈಯಲ್ಲಿ ತೆಗೆದು, ಉದ್ದಿನ ವಡೆಯ ಹಾಗೆ ತೂತು ಮಾಡಿ, ಕಾದ ಎಣ್ಣೆಗೆ ಬಿಡುತ್ತಾರೆ. ಉದ್ದ ಕಡ್ಡಿಯಿಂದ ಆ ತೂತಿಗೇ ಚುಚ್ಚಿ ಮಗುಚುತ್ತಾರೆ, ಎತ್ತುವುದೂ ಅದರಲ್ಲೇ. ಮೇಲೆ ಚಂಕಾಕಾ ಪಾಕ. ಚಂಕಾಕಾ ಅಂದರೆ ಬೇರೇನಲ್ಲ, ಕಬ್ಬಿನ ಬೆಲ್ಲ. ಲವಂಗ, ದಾಲ್ಚಿನ್ನಿ ಹಾಕಿ ಕಾಯಿಸಿರುತ್ತಾರೆ. ಬಾಯಿಗಿಟ್ಟ ತಕ್ಷಣ ಊರು ನೆನಪಾಗುತ್ತದೆ.

ಬಿಸಿ ಇರುವಾಗಲೇ ತಿನ್ನಿ, ಆರಿದರೆ ರಬ್ಬರ್. ಪಾಕಕ್ಕೂ ಯಾಪಾ ಕೇಳಿ ನೋಡಿ. ಕೈ ಒರೆಸಲು ಅವರು ಕೊಡುವ ತೆಳು ಕಾಗದ ಬೆಲ್ಲದ ಅಂಟಿಗೆ ಯಾವ ಮೂಲೆಗೂ ಸಾಲದು. ಬ್ಯಾಗಿನಲ್ಲಿ ಒಂದು ಒದ್ದೆ ಕರ್ಚೀಫ್ ಇಟ್ಟುಕೊಂಡಿರಿ.