ಹಾವೇರಿಯ ಮಕ್ಕಳೊಂದಿಗೆ ದಿಲ್ಲಿಯ ಸ್ಮಾರಕಗಳಲ್ಲಿ: ನನ್ನ ಅನುಭವ

ಹಾವೇರಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಮಕ್ಕಳನ್ನು ದಿಲ್ಲಿಗೆ ಕರೆದೊಯ್ಯುವಾಗ ನೋಡಬೇಕಾದ ಜಾಗಗಳ ಪಟ್ಟಿಯನ್ನು ಉದ್ದ ಮಾಡುವುದಿಲ್ಲ. ಪ್ರವಾಸಿ ಬಸ್ಸಿನವರು ಒಂದೇ ದಿನದಲ್ಲಿ ಕುತುಬ್ ಮಿನಾರ್‌ನಿಂದ ಕೆಂಪುಕೋಟೆಯವರೆಗೆ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ಹಾಗೆ ಸುತ್ತಿದ ಮಕ್ಕಳ ಬಳಿ ಉಳಿಯುವುದು ಫೋಟೊಗಳು ಮಾತ್ರ. ಅದಕ್ಕೆಂದೇ ನಾನು ಸ್ವಾತಂತ್ರ್ಯ ಹೋರಾಟದ ಒಂದು ಎಳೆಯನ್ನು ಹಿಡಿದು, ಅದರ ಮೊದಲ ತುದಿಯನ್ನು ನಮ್ಮ ಜಿಲ್ಲೆಯಲ್ಲಿಯೇ ತೋರಿಸಿ ಹೊರಡುತ್ತೇನೆ.

ಆ ತುದಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಅವರೂ ಹುತಾತ್ಮರಾದರು. ಪ್ರಯಾಣಕ್ಕೆ ಮುಂಚೆ ಮಕ್ಕಳು ಈ ಹುತಾತ್ಮರ ಸ್ಮಾರಕವಾದ ಹಾವೇರಿಯ ವೀರಸೌಧಕ್ಕೆ ಹೋಗಿ ಬರುತ್ತಾರೆ.

ದಿಲ್ಲಿಯಲ್ಲಿ ಮೊದಲು ಹೋಗುವುದು ಸರ್ದಾರ್ ಪಟೇಲ್ ಮಾರ್ಗದ ‘ಗ್ಯಾರಹ್ ಮೂರ್ತಿ’ಗೆ, ಅಂದರೆ ದಂಡಿ ಯಾತ್ರೆಯನ್ನು ನೆನಪಿಸುವ ಹನ್ನೊಂದು ಪ್ರತಿಮೆಗಳ ಶಿಲ್ಪಕ್ಕೆ. ಮುಂದೆ ಕೋಲೂರಿ ಹೆಜ್ಜೆ ಹಾಕುವ ಗಾಂಧೀಜಿ, ಹಿಂದೆ ಹತ್ತು ಜನ. ದೇವಿಪ್ರಸಾದ್ ರಾಯ್ ಚೌಧರಿಯವರ ಈ ಶಿಲ್ಪ ಹಳೆಯ 500 ರೂಪಾಯಿ ನೋಟಿನ ಮೇಲೂ ಇತ್ತು. ಹೆಚ್ಚಿನ ಪ್ರವಾಸಿಗರು ವಾಹನದಿಂದ ಇಳಿಯದೆ ಮುಂದೆ ಸಾಗುವ ಈ ಜಾಗದಲ್ಲಿಯೇ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. “ಸರ್, ಇವರೊಳಗ ನಮ್ಮ ಮಹದೇವಪ್ಪನವರು ಯಾರ್ರೀ?” ಎಂದು ಒಬ್ಬ ಹುಡುಗಿ ಕೇಳಿದಳು. ಸಾಬರಮತಿಯಿಂದ ಹೊರಟ 78 ಸತ್ಯಾಗ್ರಹಿಗಳಲ್ಲಿ ಮಹಿಳೆಯರಿರಲಿಲ್ಲ, ಆದರೆ ಶಿಲ್ಪದಲ್ಲಿ ಮಹಿಳೆಯರಿದ್ದಾರೆ. ಹೀಗಾಗಿ ಶಿಲ್ಪಿ ಆ ದಿನದ ಸಾಲನ್ನು ಇದ್ದ ಹಾಗೆ ಕಡೆಯಲಿಲ್ಲ, ಇಡೀ ಹೋರಾಟವನ್ನು ಹನ್ನೊಂದು ಆಕೃತಿಗಳಲ್ಲಿ ಹಿಡಿದರು ಎಂದು ವಿವರಿಸಿದೆ. ಪಠ್ಯಪುಸ್ತಕದ ಒಂದು ಪಾಠ ಮಾಡಲಾಗದ ಕೆಲಸವನ್ನು ಆ ಪ್ರಶ್ನೆ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಂದ ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿಗೆ ಹೋಗುತ್ತೇವೆ. ಹಿಂದೆ ಬಿರ್ಲಾ ಭವನವಾಗಿದ್ದ ಈ ಮನೆಯಲ್ಲಿ ಗಾಂಧೀಜಿ ತಮ್ಮ ಕೊನೆಯ 144 ದಿನಗಳನ್ನು ಕಳೆದರು. ಅವರು 1948ರ ಜನವರಿ 30ರ ಸಂಜೆ ಕೋಣೆಯಿಂದ ಪ್ರಾರ್ಥನಾ ಸ್ಥಳದತ್ತ ನಡೆದ ದಾರಿಯನ್ನು ಹೆಜ್ಜೆಗುರುತುಗಳ ಮೂಲಕ ಗುರುತಿಸಿರುವುದರಿಂದ, ಇಲ್ಲಿ ನಾನು ವಿವರಣೆ ಕೊಡುವುದನ್ನು ನಿಲ್ಲಿಸಿ, ಮಕ್ಕಳು ಅದರ ಪಕ್ಕದಲ್ಲಿ ತಾವಾಗಿಯೇ ನಡೆಯಲು ಬಿಡುತ್ತೇನೆ. ಲೋಕ ಕಲ್ಯಾಣ ಮಾರ್ಗ ಮೆಟ್ರೊ ನಿಲ್ದಾಣ ಇದಕ್ಕೆ ಹತ್ತಿರ. ಸೋಮವಾರ ಗಾಂಧಿ ಸ್ಮೃತಿಗೂ ಕೆಂಪುಕೋಟೆಗೂ ರಜೆ ಇರುವುದರಿಂದ ರೈಲಿನ ಟಿಕೆಟ್ ಮಾಡಿಸುವಾಗಲೇ ವಾರವನ್ನು ನೋಡಿಕೊಳ್ಳುವುದು ಒಳ್ಳೆಯದು. ಅಂತ್ಯಸಂಸ್ಕಾರ ನಡೆದ ರಾಜಘಾಟ್ ಬೇರೆ ದಿಕ್ಕಿನಲ್ಲಿ, ಯಮುನೆಯ ಕಡೆಗಿದೆ. ಸಮಾಧಿಯ ಬಳಿ ಪಾದರಕ್ಷೆ ಕಳಚಬೇಕಾದ್ದರಿಂದ ಬೇಸಿಗೆಯಲ್ಲಾದರೆ ಬೆಳಗಿನ ಹೊತ್ತೇ ಸರಿ.

ಇಂಡಿಯಾ ಗೇಟ್ ಮತ್ತು ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ಒಟ್ಟಿಗೆ, ಸಂಜೆಗೆ ಇಟ್ಟುಕೊಳ್ಳುತ್ತೇನೆ. ಲುಟ್ಯೆನ್ಸ್ ವಿನ್ಯಾಸ ಮಾಡಿದ, 42 ಮೀಟರ್ ಎತ್ತರದ ಇಂಡಿಯಾ ಗೇಟ್ 1931ರಲ್ಲಿ ಉದ್ಘಾಟನೆಯಾಯಿತು. ಅದರ ಮೇಲಿರುವುದು ಬ್ರಿಟಿಷ್ ಆಳ್ವಿಕೆಯ ಭಾರತೀಯ ಸೇನೆಯಲ್ಲಿದ್ದು ಮಡಿದವರ ಹೆಸರುಗಳು. 2019ರಲ್ಲಿ ಲೋಕಾರ್ಪಣೆಯಾದ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿರುವ 25 ಸಾವಿರಕ್ಕೂ ಹೆಚ್ಚು ಹೆಸರುಗಳು ಸ್ವತಂತ್ರ ಭಾರತದ ಯೋಧರವು. ಸಮೀಪದಲ್ಲಿಯೇ, 1968ರವರೆಗೆ ಐದನೆಯ ಜಾರ್ಜ್‌ನ ಪ್ರತಿಮೆಯಿದ್ದ ಮಂಟಪದಲ್ಲಿ, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ನೇತಾಜಿಯವರ ಕಪ್ಪು ಗ್ರಾನೈಟ್ ಪ್ರತಿಮೆ ನಿಂತಿದೆ. ಯಾರ ಹೆಸರನ್ನು ಯಾರು, ಯಾವಾಗ ಬರೆಸಿದರು ಎಂಬ ಪ್ರಶ್ನೆಯನ್ನು ನಾನು ಮಕ್ಕಳ ಮುಂದಿಡುವುದು ಇಲ್ಲಿಯೇ. ಅದರ ಉತ್ತರವನ್ನು ಅವರು ರೈಲಿನಲ್ಲಿ ಹುಬ್ಬಳ್ಳಿ ತಲುಪುವಷ್ಟರಲ್ಲಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಬೇಕು.