ಖಣ ಮಾರುತ್ತಾ ಕಂಡ ಫೇಸ್‌ಬುಕ್, ಇನ್‌ಸ್ಟಾ, ಶೇರ್‌ಚಾಟ್ ಮಂದಿ

ನಮ್ಮೂರು ಗುಳೇದಗುಡ್ಡ. ಕಾಕಾನ ಮನೆಯಲ್ಲಿ ಕೈಮಗ್ಗದ ಸದ್ದು ಇನ್ನೂ ನಿಂತಿಲ್ಲ. ಅವರು ಖಣ ನೇಯುತ್ತಾರೆ, ನಾನು ಮೊಬೈಲ್ ಹಿಡಿದು ಮಾರುತ್ತೇನೆ. ಖಣ ಗೊತ್ತಿಲ್ಲದವರಿಗೆ ಒಂದು ಮಾತು: ಇಳಕಲ್ ಸೀರೆಗೆ ಜೊತೆಯಾಗಿ ತೊಡುವ ಕುಪ್ಪಸದ ಬಟ್ಟೆ ಇದು. ಅಗಲ ಕಡಿಮೆ, ಮೈತುಂಬ ಸಣ್ಣ ಬುಟ್ಟಾ, ಅಂದರೆ ನೇಯ್ದ ಚಿತ್ತಾರ, ಎರಡೂ ಕಡೆ ದಡಿ, ಅಂದರೆ ಅಂಚು. ಉಡಿ ತುಂಬುವಾಗ ಮುಕ್ಕೋನವಾಗಿ ಮಡಚಿ ಇಡುತ್ತಾರಲ್ಲ, ಅದೇ.

ಶುರುವಿನಲ್ಲಿ ಜಾಹೀರಾತಿನವರೊಬ್ಬರಿಗೆ ದುಡ್ಡು ಕೊಟ್ಟಿದ್ದೆ. ತಿಂಗಳ ಕೊನೆಗೆ ಬಣ್ಣಬಣ್ಣದ ರಿಪೋರ್ಟ್ ಬಂತು. ಫೇಸ್‌ಬುಕ್‌ನಲ್ಲಿ ಇಷ್ಟು ವ್ಯೂ, ಯೂಟ್ಯೂಬ್‌ನಲ್ಲಿ ಇಷ್ಟು, ಇನ್‌ಸ್ಟಾದಲ್ಲಿ ಇಷ್ಟು. ಎಲ್ಲ ಕೂಡಿಸಿ ಕೆಳಗೆ ದಪ್ಪಕ್ಷರದಲ್ಲಿ ಒಂದು ಮೊತ್ತ. ಆ ತಿಂಗಳು ಬಂದ ಆರ್ಡರ್ ಏಳು. ಅದರಲ್ಲಿ ಎರಡು ನಮ್ಮ ಚಿಗವ್ವನವೇ!

ಆಮೇಲೆ ಕೂತು ನೋಡಿದಾಗ ಗೊತ್ತಾಯಿತು, ಆ ಕೂಡಿಕೆಯೇ ತಪ್ಪು. ಫೇಸ್‌ಬುಕ್ ಜಾಹೀರಾತಿನ ಲೆಕ್ಕದಲ್ಲಿ ವಿಡಿಯೋವನ್ನು ಮೂರು ಸೆಕೆಂಡ್ ನೋಡಿದವರದು ಒಂದು ಬೇರೆಯೇ ಅಂಕಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ ಕೊನೆಯಿಂದ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಇವನ್ನು ಕೂಡಿಸುವುದು ಸೇರನ್ನೂ ಗಜವನ್ನೂ ಕೂಡಿಸಿದ ಹಾಗೆ. ಮೇಲಾಗಿ ನಮ್ಮ ಚಿಗವ್ವ ಮೂರೂ ಕಡೆ ಇದ್ದಾಳೆ. ರಿಪೋರ್ಟ್‌ನಲ್ಲಿ ಅವಳು ಮೂರು ಮಂದಿ.

ನಾನೇ ಪರೀಕ್ಷೆ ಮಾಡಿ ನೋಡೋಣ ಅಂತ ಹೊರಟೆ. ಒಂದೇ ಖಣ, ಒಂದೇ ಫೋಟೋ, ಒಂದೇ ರೇಟು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಶೇರ್‌ಚಾಟ್ ಮೂರಕ್ಕೂ ತಲಾ 3,000 ರೂಪಾಯಿ, 15 ದಿನ. ಯಾರು ಎಲ್ಲಿಂದ ಬಂದರು ಅಂತ ತಿಳಿಯಲು ವಾಟ್ಸಾಪ್ ಲಿಂಕ್ ಬಳಸಿದೆ. ಅದನ್ನು ಒತ್ತಿದರೆ ಮೊದಲೇ ಬರೆದಿಟ್ಟ ಮೆಸೇಜ್ ತೆರೆದುಕೊಳ್ಳುತ್ತದೆ. ಒಂದು ಕಡೆಗೆ "ಕೆಂಪು ಖಣ ಬೇಕು", ಇನ್ನೊಂದು ಕಡೆಗೆ "ಖಣದ ರೇಟ್ ತಿಳಿಸಿ", ಮೂರನೆಯದಕ್ಕೆ "ಖಣದ ಫೋಟೋ ಕಳಿಸಿ". ಮೆಸೇಜ್ ನೋಡಿದ ಕೂಡಲೇ ಮೂಲ ಗೊತ್ತಾಗುತ್ತದೆ. ಕೆಲವರು ಅದನ್ನು ಅಳಿಸಿ ಸುಮ್ನೆ "ಹಾಯ್" ಅಂತ ಕಳಿಸುತ್ತಾರೆ. ಅವರನ್ನು ಬಾಯಿಬಿಟ್ಟು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಮೊದಲ ವಾರವೇ ಎಡವಿದೆ. 2012ರಲ್ಲಿ ಫೇಸ್‌ಬುಕ್ ಇನ್‌ಸ್ಟಾಗ್ರಾಂ ಅನ್ನು ಕೊಂಡುಕೊಂಡಿತಲ್ಲ, ಎರಡಕ್ಕೂ ಜಾಹೀರಾತು ಕೊಡುವ ಜಾಗ ಒಂದೇ. ಎಲ್ಲಿ ತೋರಿಸಬೇಕು ಅನ್ನುವುದನ್ನು ಅದರ ಪಾಡಿಗೆ ಬಿಟ್ಟರೆ ಎರಡೂ ಕಲಸಿಹೋಗುತ್ತದೆ. ನಾನು ಆ ಸೆಟ್ಟಿಂಗ್ ನೋಡಲೇ ಇಲ್ಲ. ದುಡ್ಡು ಹೋಯಿತು, ಪಾಠ ಉಳಿಯಿತು. ಎರಡನ್ನೂ ಬೇರೆ ಮಾಡಿ ಮತ್ತೆ ಶುರು ಮಾಡಿದೆ.

ಫೇಸ್‌ಬುಕ್‌ನಿಂದ ಬಂದವರು ಜಾಸ್ತಿ 40 ದಾಟಿದ ಹೆಂಗಸರು. ಧಾರವಾಡ, ಗದಗ, ಬೆಳಗಾವಿ, ಜೊತೆಗೆ ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರು. ಇವರಿಗೆ ಖಣ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ನನಗೇ ಹೇಳಿಕೊಡುತ್ತಾರೆ! "ದಡಿ ಎಷ್ಟ್ ಇಂಚ್ ಐತ್ರಿ?" "ರೇಷ್ಮಿನೋ ಬರೇ ಪಾಲಿಸ್ಟರೋ?" "ಬಣ್ಣಾ ಬಿಡತೈತೇನ್ರಿ?" ಒಬ್ಬ ತಾಯಿ ಬಟ್ಟೆಯ ಹಿಂಬದಿಯ ಫೋಟೋ ಕೇಳಿದರು. ಬುಟ್ಟಾದ ದಾರ ಹಿಂದೆ ಹೇಗೆ ಓಡಿದೆ ನೋಡಬೇಕಂತೆ. ಕಾಕಾಗೆ ತೋರಿಸಿದೆ. "ಇವರಿಗೆ ಗೊತ್ತೈತಿ, ಸುಳ್ಳ ಹೇಳಬ್ಯಾಡ" ಅಂದರು. ಇಂಥವರು ರೇಟ್ ಹಾಕದಿದ್ದರೆ ಸಿಟ್ಟಾಗುತ್ತಾರೆ. ಹಾಕಿದರೆ ಚೌಕಾಸಿ ಮಾಡುತ್ತಾರೆ. ಆದರೆ ತೆಗೆದುಕೊಳ್ಳುವಾಗ ಒಂದೆರಡಲ್ಲ, ಮದುವೆಯ ಆಯೇರಿಗೆ ಡಜನ್‌ಗಟ್ಟಲೆ. ಪಂಚಮಿ ಹತ್ತಿರ ಬಂದರೆ ಫೋನ್ ಕೆಳಗಿಡಲು ಬಿಡುವುದಿಲ್ಲ.

ಇನ್‌ಸ್ಟಾದಲ್ಲಿ ಅದೇ ಫೋಟೋ ಬಿದ್ದುಹೋಯಿತು. ಮಡಚಿಟ್ಟ ಬಟ್ಟೆಯನ್ನು ಅಲ್ಲಿ ಯಾರೂ ನಿಂತು ನೋಡುವುದಿಲ್ಲ. ತಂಗಿಗೆ ಖಣದ ಕುಪ್ಪಸ ಹೊಲಿಸಿ, ಮೇಲೆ ಸಾದಾ ಕಾಟನ್ ಸೀರೆ ಉಡಿಸಿ, ಮನೆ ಕಟ್ಟೆಯ ಮೇಲೆ ಕೂರಿಸಿ ಫೋಟೋ ತೆಗೆದೆ. ಆಗ ಜನ ನಿಂತರು. ಲೈಕ್ ಅಷ್ಟಕ್ಕಷ್ಟೆ, ಸೇವ್ ಮಾಡಿಕೊಂಡವರೇ ಜಾಸ್ತಿ. ಸೇವ್ ಅಂದರೆ "ಆಮೇಲೆ ದರ್ಜಿಗೆ ತೋರಿಸ್ತೀನಿ" ಅಂತ ಅರ್ಥ. ಇವರು ದಡಿಯ ಇಂಚು ಕೇಳುವುದಿಲ್ಲ. "ಹೊಲಿದದ್ದು ಸಿಗುತ್ತಾ?" "ಬ್ಯಾಗ್ ಮಾಡಿಕೊಡ್ತೀರಾ?" ಅಂತಾರೆ. ಚೌಕಾಸಿ ಇಲ್ಲ, ಯುಪಿಐನಲ್ಲಿ ದುಡ್ಡು ಮೊದಲೇ ಹಾಕುತ್ತಾರೆ. ಆದರೆ ಒಂದೇ ಪೀಸ್.

ನನಗೆ ಆಶ್ಚರ್ಯ ಆಗಿದ್ದು ಪಿನ್ ಕೋಡ್ ನೋಡಿ. ಪುಣೆ, ಕೊಲ್ಹಾಪುರ, ಮುಂಬೈ. ಮಹಾರಾಷ್ಟ್ರದಲ್ಲಿ ಖಣಕ್ಕೆ ಹಳೇ ನಂಟಿದೆ, ಅದು ಗೊತ್ತಿತ್ತು. ಈಗ ಅಲ್ಲಿನ ಹುಡುಗಿಯರು ಖಣದ ಸೀರೆಯನ್ನೇ ಉಡುತ್ತಿದ್ದಾರೆ. ನಾನು ಮಾತ್ರ ಜಾಹೀರಾತಿನ ಸೆಟ್ಟಿಂಗ್‌ನಲ್ಲಿ ಭಾಷೆಯ ಜಾಗದಲ್ಲಿ ಕನ್ನಡ ಅಂತ ಆರಿಸಿ ಅಷ್ಟೂ ಜನರಿಗೆ ಬಾಗಿಲು ಹಾಕಿದ್ದೆ. ಅವರು ಬಂದದ್ದು ಜಾಹೀರಾತಿನಿಂದ ಅಲ್ಲ, ಹ್ಯಾಶ್‌ಟ್ಯಾಗ್ ಹಿಡಿದು. ಅಂದಿನಿಂದ ಮರಾಠಿಯಲ್ಲೂ ಎರಡು ಸಾಲು ಬರೆಯುತ್ತೇನೆ. ಗಣೇಶ ಹಬ್ಬ, ಗುಡಿ ಪಾಡ್ವಾ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.

ಶೇರ್‌ಚಾಟ್ ಕಥೆಯೇ ಬೇರೆ. ಬೆಂಗಳೂರಿನ ಕಂಪನಿ, 2015ರಿಂದ ಇದೆ, ಭಾರತದ ಭಾಷೆಗಳಲ್ಲೇ ನಡೆಯುತ್ತದೆ. ಅಲ್ಲಿ ನನಗೆ ವ್ಯೂ ಎಲ್ಲಕ್ಕಿಂತ ಜಾಸ್ತಿ, ಆರ್ಡರ್ ಎಲ್ಲಕ್ಕಿಂತ ಕಡಿಮೆ. ಬಂದ ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳಲ್ಲೂ ಕೆಲವು ವಾಪಸ್ ಬಂದವು. "ಮನ್ಯಾಗ ಬ್ಯಾಡ ಅಂದ್ರಿ" ಅನ್ನುವುದು ಕಾರಣ. ಅಲ್ಲಿಗೆ ಜನ ಬರುವುದು ಕೊಳ್ಳಲು ಅಲ್ಲ, ಹಂಚಲು. ಶುಭೋದಯ, ದೇವರ ಫೋಟೋ, ಸ್ಟೇಟಸ್ ವಿಡಿಯೋ ಇಳಿಸಿಕೊಂಡು ವಾಟ್ಸಾಪ್‌ಗೆ ಹಾಕುತ್ತಾರೆ. ರೇಟು ಬರೆದ ಫೋಟೋವನ್ನು ಯಾರು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ? ಕಾಕಾ ಮಗ್ಗದಲ್ಲಿ ಕೂತ ಅರ್ಧ ನಿಮಿಷದ ವಿಡಿಯೋ ಹಾಕಿದೆ, ಲಾಳಿ ಓಡುವ ಸದ್ದಿನ ಸಮೇತ. ಅದು ಊರೂರು ಸುತ್ತಿತು.

ಹಾಳು ದುಡ್ಡು ಅಂತ ಅಲ್ಲಿ ಜಾಹೀರಾತು ನಿಲ್ಲಿಸಿಬಿಟ್ಟಿದ್ದೆ. ಆಮೇಲೆ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಅಂಗಡಿ ಹಾಕಿದೆವು. ಬಾದಾಮಿ ಸುತ್ತಲಿನ ಹಳ್ಳಿಯವರು ಕಾಕಾನ ಮುಖ ನೋಡಿ "ಮೊಬೈಲ್‌ನ್ಯಾಗ ನೋಡೀವಲ್ಲ ನಿಮ್ಮನ್ನ" ಅಂತ ನಿಂತರು, ಕೈಯಲ್ಲಿ ಮುಟ್ಟಿ ನೋಡಿ ಖಣ ತೆಗೆದುಕೊಂಡರು. ಇದು ಯಾವ ಲಿಂಕ್‌ನಲ್ಲೂ ಸಿಗದ ಲೆಕ್ಕ. ನನ್ನ ಪರೀಕ್ಷೆ ಅಳೆದದ್ದು 15 ದಿನ, ಆ ವಿಡಿಯೋ ಕೆಲಸ ಮಾಡಿದ್ದು ತಿಂಗಳುಗಟ್ಟಲೆ.

ಯೂಟ್ಯೂಬ್‌ಗೆ ದುಡ್ಡು ಹಾಕಿಲ್ಲ. ಉಡಿ ತುಂಬಲು ಖಣ ಮಡಚುವ ವಿಡಿಯೋ ಒಂದಿದೆ, ಹುಡುಕಿಕೊಂಡು ಬರುವವರು ನೋಡುತ್ತಾರೆ. ಟ್ವಿಟರ್‌ನಂಥ ಕೂ ಆ್ಯಪ್ ಶುರುವಾಗಿದ್ದೇ ಕನ್ನಡದಲ್ಲಿ, ಹಾಗಾಗಿ ಅಭಿಮಾನಕ್ಕೆ ಅಲ್ಲೂ ಇದ್ದೆ. ಅಲ್ಲಿ ರಾಜಕೀಯ ಮಾತಾಡಿದವರೇ ಬಹಳ, ರೇಟ್ ಕೇಳಿದವರು ಇಲ್ಲ. 2024ರ ಜುಲೈನಲ್ಲಿ ಅದೂ ಮುಚ್ಚಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ನಮ್ಮ ಓಣಿಯ ಹುಡುಗನೊಬ್ಬ ಅತ್ತೇಬಿಟ್ಟಿದ್ದ. ಅವನ ಫಾಲೋವರ್ಸ್ ಯಾರು, ಎಲ್ಲಿ, ಒಬ್ಬರ ನಂಬರೂ ಅವನ ಹತ್ತಿರ ಇರಲಿಲ್ಲ. ಅದನ್ನು ನೋಡಿದ ಮೇಲೆ ಒಂದು ಪೀಸ್ ತೆಗೆದುಕೊಂಡವರ ನಂಬರನ್ನೂ, ಅವರನ್ನು ಕೇಳಿಯೇ, ಉಳಿಸಿಕೊಳ್ಳುತ್ತೇನೆ.

ಮೊನ್ನೆ ಹುಬ್ಬಳ್ಳಿಯ ಒಬ್ಬರು 12 ಖಣ ತರಿಸಿಕೊಂಡರು. ಎಂದಿನಂತೆ ಕೇಳಿದೆ, "ಎಲ್ಲಿ ನೋಡಿದ್ರಿ ಅಕ್ಕಾರ?" ಪುಣೆಯಲ್ಲಿರುವ ಮಗಳು ಇನ್‌ಸ್ಟಾದಲ್ಲಿ ನೋಡಿ ವಾಟ್ಸಾಪ್‌ಗೆ ಕಳಿಸಿದಳಂತೆ. ಇವರು ಫೇಸ್‌ಬುಕ್‌ನಲ್ಲಿ ನಮ್ಮ ಪೇಜ್ ಹುಡುಕಿ ಕಾಮೆಂಟ್ ಎಲ್ಲ ಓದಿದರಂತೆ. ಅತ್ತೆಗೆ ತೋರಿಸಿದರೆ, ಅವರು ಆ ಮಗ್ಗದ ವಿಡಿಯೋ ಆಗಲೇ ನೋಡಿದ್ದರಂತೆ. ದುಡ್ಡು ಕಳಿಸಿದ್ದು ಯಜಮಾನರು. "ಎಲ್ಲಿಂದ" ಅನ್ನುವ ಕಾಲಂನಲ್ಲಿ ಏನು ಬರೆಯಲಿ ಅಂತ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಕೊನೆಗೆ "ಮನೆಮಂದಿ" ಅಂತ ಬರೆದೆ.