ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಗ್ರಂಥಾಲಯದ ಚಾಟ್ ಸರಿಪಡಿಸಿದ ಬಗೆ

ರಾಯಚೂರಿನ ನರ್ಸಿಂಗ್ ಕಾಲೇಜೊಂದರ ಗ್ರಂಥಾಲಯದಲ್ಲಿ ನಾನು ನೋಡಿಕೊಳ್ಳುವ ಚಾಟ್ ಸೇವೆಗೆ ಹಗಲಿನಲ್ಲಿ ಪ್ರಶ್ನೆಗಳೇ ಬರುತ್ತಿರಲಿಲ್ಲ. ವಾರ್ಡ್ ಡ್ಯೂಟಿ ಮುಗಿಸಿ ಹಾಸ್ಟೆಲ್ ಸೇರಿದ ಮೇಲೆ ವಿದ್ಯಾರ್ಥಿಗಳು ಕಳುಹಿಸುತ್ತಿದ್ದ ಸಂದೇಶಗಳು ಮರುದಿನದವರೆಗೆ ಉತ್ತರವಿಲ್ಲದೆ ಉಳಿಯುತ್ತಿದ್ದವು. ಸೇವೆಯ ಸಮಯವನ್ನು ಸಂಜೆಗೆ ಬದಲಿಸಿದ್ದರಿಂದ ಅರ್ಧ ತೊಂದರೆ ತಾನಾಗಿಯೇ ನೀಗಿತು.

ಉಳಿದರ್ಧ ಪ್ರಶ್ನೆಯ ಸ್ವರೂಪದಲ್ಲಿತ್ತು. ‘ಬೆಡ್‌ಸೋರ್ ಬಗ್ಗೆ ಲೇಖನ ಬೇಕು’ (ಬಹುಕಾಲ ಮಲಗಿದ್ದಲ್ಲೇ ಇರುವ ರೋಗಿಯ ಮೈಯಲ್ಲಾಗುವ ಹುಣ್ಣು) ಎಂದಷ್ಟೇ ಬರೆದವರಿಗೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣದ ಕೊಂಡಿ ಕಳುಹಿಸಿದರೆ ಸಾವಿರಾರು ಫಲಿತಾಂಶಗಳ ನಡುವೆ ಅವರು ದಿಕ್ಕು ತಪ್ಪುತ್ತಿದ್ದರು. ಆದ್ದರಿಂದ 1995ರಿಂದ ಬಳಕೆಯಲ್ಲಿರುವ ಪಿಕೋ ಚೌಕಟ್ಟನ್ನು, ಅಂದರೆ ಎಂಥ ರೋಗಿ, ಯಾವ ಆರೈಕೆ, ಯಾವುದಕ್ಕೆ ಹೋಲಿಸಿ, ಏನು ಫಲ ಎಂಬ ನಾಲ್ಕು ಪ್ರಶ್ನೆಗಳನ್ನು, ಸರಳ ಕನ್ನಡದಲ್ಲಿ ಒಂದೊಂದಾಗಿ ಕೇಳತೊಡಗಿದೆ. ‘ಐಸಿಯುನಲ್ಲಿರುವ ವೃದ್ಧರು, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ನಾಲ್ಕು ಗಂಟೆಗೊಮ್ಮೆ ಬದಲಿಸುವುದಕ್ಕೆ ಹೋಲಿಸಿ, ಹುಣ್ಣು ತಡೆಯುವುದು’ ಎಂಬಂಥ ಉತ್ತರ ಬಂದೊಡನೆ, ಬೆಡ್‌ಸೋರ್‌ಗೆ ಪಬ್‌ಮೆಡ್‌ನಲ್ಲಿರುವ ನಿಗದಿತ ವಿಷಯಪದವಾದ ‘ಪ್ರೆಷರ್ ಅಲ್ಸರ್’ ಎಂಬ ಮೆಶ್ ಶೀರ್ಷಿಕೆಯೊಂದಿಗೆ ಹುಡುಕಾಟವನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ (ಸಿದ್ಧ ಪಿಡಿಎಫ್ ಬೇಡುವವರು ಆಗ ಮುನಿಸಿಕೊಳ್ಳುವುದುಂಟು).

ಆದರೆ ಔಷಧದ ಪ್ರಮಾಣ ಎಷ್ಟೆಂದು ಕೇಳಿದರೆ ನಾನು ಉತ್ತರಿಸುವುದಿಲ್ಲ. ಅಂಥವರನ್ನು ವಾರ್ಡಿನ ಮೇಲ್ವಿಚಾರಕರ ಬಳಿಗೆ ಕಳುಹಿಸುತ್ತೇನೆ. ರೋಗಿಯ ಹೆಸರನ್ನಾಗಲಿ ಐಪಿ (ಒಳರೋಗಿ) ಸಂಖ್ಯೆಯನ್ನಾಗಲಿ ಬರೆಯಬಾರದೆಂಬ ಸೂಚನೆ ಈಗ ಚಾಟ್ ತೆರೆದ ಕೂಡಲೇ ಕಾಣಿಸುತ್ತದೆ.